ಹತ್ತಕ್ಕೆ ಏಳೂವರೆ

ಲಕ್ವ ಹೊಡೆದ ಕೈ ನೋಯುತ್ತೆ ಅಂದ್ರೆ ಹೆಚ್ಚಿನವರು ನಂಬೋದೇ ಇಲ್ಲ. "ಸ್ವಾಧೀನಾನೇ ಇಲ್ಲ ಅಂತೀರ, ಮತ್ತೆ ನೋವು ಎಲ್ಲಿಂದ ಬರುತ್ತೆ?" ಅಪ್ಪನನ್ನು ನೋಡೋಕೆ ಬಂದವರಲ್ಲಿ ಅರ್ಧ ಜನ ಇದನ್ನೇ ಕೇಳಿದ್ರು. ಪ್ರಶ್ನೆ ತಪ್ಪೇನಲ್ಲ. ಆದರೆ ಕೈ ಆಡಿಸೋ ಶಕ್ತಿ ಬೇರೆ, ಕೈಯಿಂದ ಸುದ್ದಿ ಮೆದುಳಿಗೆ ಹೋಗೋ ದಾರಿ ಬೇರೆ. ಅಪ್ಪನಿಗೆ ಮೊದಲನೆಯದು ಹೋಗಿತ್ತು, ಎರಡನೆಯದು ಪೂರ್ತಿ ಚೆನ್ನಾಗಿತ್ತು. ಅಂದ್ರೆ ಎಡಗೈ ಅವರು ಹೇಳಿದ ಮಾತು ಕೇಳ್ತಿರಲಿಲ್ಲ, ಆದರೆ ತನ್ನ ದೂರನ್ನು ಮಾತ್ರ ಹಗಲೂ ರಾತ್ರಿ ಹೇಳ್ತಾನೇ ಇತ್ತು.

ಅಪ್ಪ ಅರಸೀಕೆರೆ ಕಡೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಮೆದುಳಿನ ಬಲಭಾಗದಲ್ಲಿ ರಕ್ತ ಕಟ್ಟಿ ಎಡಗಡೆ ಬಿದ್ದುಹೋಯ್ತು. ಮಾತು ಉಳಿಯಿತು, ಬಲಗೈ ಉಳಿಯಿತು, ಲೆಕ್ಕ ಅಂತೂ ಪೂರ್ತಿ ಉಳಿಯಿತು. ಆರು ವಾರಕ್ಕೆ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕಿದಾಗ ನಾವೆಲ್ಲ ಇನ್ನು ಕಷ್ಟ ಕಳೀತು ಅಂದ್ಕೊಂಡ್ವಿ. ಆಮೇಲೆ, ಎರಡು ತಿಂಗಳು ಕಳೆದ ಮೇಲೆ, ಭುಜದ ನೋವು ಶುರುವಾಯ್ತು.

ಇದು ಅಪ್ಪನಿಗೊಬ್ಬರಿಗೇ ಬಂದಿದ್ದಲ್ಲ. ಸ್ಟ್ರೋಕ್ ಆದವರಲ್ಲಿ ಇದು ಎಷ್ಟು ಸಾಮಾನ್ಯ ಅಂದ್ರೆ ಡಾಕ್ಟರುಗಳು ಇದಕ್ಕೆ ಹೆಮಿಪ್ಲೀಜಿಕ್ ಶೋಲ್ಡರ್ ಪೇನ್ ಅಂತ ಪ್ರತ್ಯೇಕ ಹೆಸರೇ ಇಟ್ಟಿದ್ದಾರೆ. ಎರಡು-ಮೂರು ತಿಂಗಳ ಹೊತ್ತಿಗೆ ಇದು ತಲೆ ಎತ್ತೋದು ಮಾಮೂಲು. ಆದರೆ ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಕೊಟ್ಟ ಕಾಗದದಲ್ಲಿ ಬಿಪಿ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ, ಉಪ್ಪು ಕಡಿಮೆ, ಫಿಸಿಯೋಥೆರಪಿ ಅಂತ ಒಂದು ಸಾಲು, ಇಷ್ಟೇ ಇತ್ತು. ಭುಜದ ಬಗ್ಗೆ ಒಂದಕ್ಷರ ಇರಲಿಲ್ಲ.

ಭುಜವೇ ಯಾಕೆ, ಮೊಣಕೈ ಯಾಕಲ್ಲ? ಇದನ್ನು ಅರ್ಥ ಮಾಡ್ಕೊಳ್ಳೋಕೆ ಸ್ಕೂಲ್ ಡೇ ದಿನದ ನಿಂಬೆಹಣ್ಣು-ಚಮಚದ ಓಟ ನೆನಪಿಸ್ಕೊಳ್ಳಿ. ಸೊಂಟದ ಕೀಲು ಒರಳೊಳಗೆ ಗುಂಡು ಕೂತ ಹಾಗೆ ಆಳವಾಗಿ ಕೂತಿರುತ್ತೆ. ಭುಜ ಹಾಗಲ್ಲ. ತೋಳಿನ ಮೂಳೆಯ ದೊಡ್ಡ ಗುಂಡು ತಲೆ ಒಂದು ಸಣ್ಣ, ಆಳವಿಲ್ಲದ ಬಟ್ಟಲಿಗೆ ಆನಿಸಿಕೊಂಡಿರುತ್ತೆ, ಚಮಚದ ಮೇಲಿನ ನಿಂಬೆಹಣ್ಣಿನ ಹಾಗೆ. ಅದಕ್ಕೇ ನಾವು ಕೈಯನ್ನು ಎಲ್ಲಾ ದಿಕ್ಕಿಗೂ ತಿರುಗಿಸಬಹುದು. ನಿಂಬೆಹಣ್ಣು ಬೀಳದ ಹಾಗೆ ಹಿಡಿದಿರೋದು ಮೂಳೆಯಲ್ಲ, ಸುತ್ತಲಿನ ಸ್ನಾಯುಗಳು. ಸ್ಟ್ರೋಕ್ ಆದ ಮೊದಲ ವಾರಗಳಲ್ಲಿ ಆ ಸ್ನಾಯುಗಳೇ ಸಡಿಲ ಬಿದ್ದಿರ್ತವೆ. ಒಂದು ತೋಳಿನ ತೂಕ ಹೆಚ್ಚುಕಮ್ಮಿ ದೇಹದ ತೂಕದ ಇಪ್ಪತ್ತರಲ್ಲಿ ಒಂದು ಭಾಗ. ಅಪ್ಪ 68 ಕೇಜಿ, ಅಂದ್ರೆ ಸುಮಾರು ಮೂರೂವರೆ ಕೇಜಿ. ಅಷ್ಟು ತೂಕದ ಬ್ಯಾಗನ್ನು ದಿನವಿಡೀ ಹಿಡಿಯೋರಿಲ್ಲದೆ ನೇತುಹಾಕಿದ ಹಾಗೆ. ಕೀಲು ಜಾರಿ ಕೆಳಗಿಳಿಯುತ್ತೆ. ಅಪ್ಪನ ಭುಜದ ತುದಿಯ ಕೆಳಗೆ ಒಂದು ಬೆರಳು ಹಿಡಿಸೋವಷ್ಟು ಗುಳಿ ಬಿದ್ದಿತ್ತು.

ಅದರ ಮೇಲೆ ಜನರ ಪ್ರೀತಿ ಬೇರೆ. ನಮ್ಮಲ್ಲಿ ಬಿದ್ದವರನ್ನು ಎಬ್ಬಿಸೋದು ಕೈ ಹಿಡಿದೇ ತಾನೇ? ಹಾಸಿಗೆಯಿಂದ ಎಬ್ಬಿಸೋ ವಾರ್ಡ್‌ಬಾಯ್, "ಏಳಿ ಮೇಷ್ಟ್ರೇ" ಅಂತ ಹುರಿದುಂಬಿಸೋ ಹಳೇ ವಿದ್ಯಾರ್ಥಿ, ಕಾರಿಂದ ಇಳಿಸೋ ಚಿಕ್ಕಪ್ಪ, ಎಲ್ಲರೂ ಕಂಕುಳಿಗೆ ಕೈ ಹಾಕಿ ಇಲ್ಲವೇ ಮುಂಗೈ ಹಿಡಿದು ಎಳೆಯೋರೇ. ಹಿಡಿತವಿಲ್ಲದ ಕೀಲಿಗೆ ಅದೊಂದೊಂದು ಎಳೆತವೂ ಪೆಟ್ಟು. ಅಪ್ಪನಿಗೋ ಎಡಗೈ ಅನ್ನೋದೊಂದಿದೆ ಅನ್ನೋದೇ ಆಗಾಗ ಮರೆತುಹೋಗ್ತಿತ್ತು. ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಹೀಗಾಗುತ್ತಂತೆ. ಕೈ ಕುರ್ಚಿಯ ಆಚೆ ನೇತಾಡ್ತಿದ್ರೆ ಅವರಿಗೆ ಗೊತ್ತೇ ಆಗ್ತಿರಲಿಲ್ಲ. ನಾವು ಹೇಳಿದ್ರೆ, "ಓ, ಅದಾ" ಅಂತ ಬಲಗೈಯಿಂದ ಎತ್ತಿ ತೊಡೆ ಮೇಲೆ ಇಟ್ಕೊಳ್ಳೋರು. ಎಡಗೈಗೆ ಅವರು ಇವತ್ತಿಗೂ "ಅದು" ಅಂತಾನೇ ಅನ್ನೋದು.

ನೋವು ಶುರುವಾದ ಮೇಲೆ ಸಲಹೆಗಳ ಮಳೆ. ಒಬ್ಬರು ಯಾವುದೋ ಹಳ್ಳಿಯ ಎಣ್ಣೆ ಅಂದ್ರು. ಇನ್ನೊಬ್ಬರು ಪಾರಿವಾಳದ ರಕ್ತ ತಿಕ್ಕಿದ್ರೆ ಲಕ್ವ ಬಿಟ್ಟುಹೋಗುತ್ತೆ ಅಂದ್ರು. ಅಮ್ಮ ಅದಕ್ಕೂ ಒಂದು ಕ್ಷಣ ಯೋಚನೆ ಮಾಡಿದಳು ಅನ್ನೋದೇ ಅವಳ ಆಗಿನ ಸ್ಥಿತಿ ಹೇಳುತ್ತೆ. ಅಪ್ಪ ಎಡಕ್ಕೆ ಹೊರಳಿದ್ರೆ ನೋವು, ಬಲಕ್ಕೆ ಹೊರಳಿದ್ರೆ ಕೈ ಮುಂದಕ್ಕೆ ಬಿದ್ದು ನೋವು. ಗಂಟೆಗೊಂದು ಸಲ ಎದ್ದು ದಿಂಬು ಸರಿ ಮಾಡೋಳು ಅವಳೇ. ಒಂದು ಬೆಳಗ್ಗೆ ಒಲೆ ಮುಂದೆ ನಿಂತೇ ನಿದ್ದೆ ಹೋಗಿದ್ದಳು, ಹಾಲೆಲ್ಲ ಉಕ್ಕಿ ಗ್ಯಾಸ್ ಆರಿಹೋಗಿತ್ತು.

ಬೆಂಗಳೂರಿಗೆ ಕರ್ಕೊಂಡು ಬಂದು ನಮ್ಮ ಮನೆ ಹತ್ತಿರದ ಒಂದು ಫಿಸಿಯೋಥೆರಪಿ ಸೆಂಟರಿಗೆ ಹಾಕಿದ್ವಿ. ಗೋಡೆ ಮೇಲೆ ಬಾವಿ ರಾಟೆಯಂಥದೊಂದು ರಾಟೆ, ಅದರ ಮೇಲೊಂದು ಹಗ್ಗ, ಎರಡು ತುದಿಗೆ ಎರಡು ಹಿಡಿ. ನೀವೂ ನೋಡಿರ್ತೀರ, ಅದಿಲ್ಲದ ಸೆಂಟರ್ ಇಲ್ಲ. ಸ್ವಾಧೀನವಿಲ್ಲದ ಕೈಯನ್ನು ಒಂದು ಹಿಡಿಗೆ ಕಟ್ಟಿ, ಸರಿಯಿರೋ ಕೈಯಿಂದ ಇನ್ನೊಂದನ್ನು ಜಗ್ಗಿ ಮೇಲೆತ್ತಬೇಕು, ಐವತ್ತು ಸಲ. ಅಪ್ಪ ಹಲ್ಲು ಕಚ್ಚಿ ಮಾಡೋರು. "ನೋವಾದ್ರೇನೇ ಗುಣ ಆಗೋದು ಅಂಕಲ್" ಅಂತ ಆ ಹುಡುಗ ಧೈರ್ಯ ಹೇಳೋನು. ರಾತ್ರಿ ನೋವು ಇನ್ನೊಂದು ಪಾಲು ಹೆಚ್ಚು.

ಆಮೇಲೆ ಓದ್ತಾ ಗೊತ್ತಾಯ್ತು, ಈ ರಾಟೆಯ ಮೇಲಿನ ದೂರು ಹಳೇದು. 1990ರಲ್ಲೇ ಅಮೆರಿಕದ ಒಂದು ಪುನರ್ವಸತಿ ಪತ್ರಿಕೆಯಲ್ಲಿ ಸ್ಟ್ರೋಕ್ ಆದ 28 ಜನರ ಮೇಲಿನ ಒಂದು ಸಣ್ಣ ಅಧ್ಯಯನ ಬಂದಿತ್ತು. ಥೆರಪಿಸ್ಟ್ ತನ್ನ ಕೈಯಿಂದಲೇ ವ್ಯಾಯಾಮ ಮಾಡಿಸಿದ ಗುಂಪಿನಲ್ಲಿ ಭುಜನೋವು ಬಂದಿದ್ದು ನೂರಕ್ಕೆ 8 ಜನಕ್ಕೆ, ರಾಟೆ ಗುಂಪಿನಲ್ಲಿ ನೂರಕ್ಕೆ 62. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2016ರ ಮಾರ್ಗಸೂಚಿಯಲ್ಲೂ ತಲೆಯ ಮೇಲಕ್ಕೆ ಜಗ್ಗೋ ರಾಟೆ ವ್ಯಾಯಾಮ ಬೇಡ ಅಂತ ಬರೆದಿದೆ. ಗೋಡೆಗೆ ಹೊಡೆದ ಮೊಳೆ ಮಾತ್ರ ಹಾಗೇ ಇದೆ.

ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್ ಅಂತ ವೈದ್ಯಕೀಯದಲ್ಲಿ ಒಂದು ವಿಭಾಗವೇ ಇದೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಸ್ಟ್ರೋಕ್ ಆದ್ರೆ ನ್ಯೂರಾಲಜಿಸ್ಟ್, ಭುಜ ನೋವಿಗೆ ಮೂಳೆ ಡಾಕ್ಟರ್, ಇಷ್ಟೇ ನಮ್ಮ ಲೆಕ್ಕ. ಇವೆರಡರ ನಡುವೆ, ಉಳಿದ ಶಕ್ತಿಯಲ್ಲಿ ಮನುಷ್ಯ ಮತ್ತೆ ಬದುಕೋ ಹಾಗೆ ಮಾಡೋದೇ ಕೆಲಸವಾಗಿರೋ ಡಾಕ್ಟರುಗಳು ಇದ್ದಾರೆ. ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೇ ಅಂತ ಒಂದು ವಿಭಾಗವಿದೆ. ನಾವು ಹೋಗಿದ್ದು ಬೇರೆ ಕಡೆ, ಒಬ್ಬರು ಲೇಡಿ ಡಾಕ್ಟರ ಹತ್ತಿರ.

ಅವರು ಮೊದಲು ಕೇಳಿದ್ದು, "ಮೇಷ್ಟ್ರೇ, ನೋವಿಗೆ ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರ?"

ಅಪ್ಪ ಯೋಚಿಸಿ, "ಏಳೂವರೆ" ಅಂದ್ರು.

"ಅರ್ಧ ಯಾಕೆ?"

"ಏಳು ಅಂದ್ರೆ ಕಡಿಮೆ ಆಗುತ್ತೆ, ಎಂಟು ಅಂದ್ರೆ ಸುಳ್ಳಾಗುತ್ತೆ."

ಡಾಕ್ಟರ್ ನಕ್ಕು, ದಿನಾ ಬರೆದಿಡಿ ಅಂದ್ರು. ಅವತ್ತೇ ಸಂಜೆ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಬಂತು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ನಿದ್ದೆ ಎಷ್ಟು ಗಂಟೆ, ವ್ಯಾಯಾಮ ಆಯ್ತೋ ಇಲ್ಲವೋ, ಸ್ಕೇಲ್ ಇಟ್ಟು ಗೆರೆ ಎಳೆದು ಕಾಲಂ.

ಆ ಡಾಕ್ಟರ್ ಸುಮಾರು ಇಪ್ಪತ್ತು ನಿಮಿಷ ಭುಜ ಪರೀಕ್ಷೆ ಮಾಡಿದ್ರು. ಮೊಣಕೈ ಮಡಿಸಿ ಮುಂಗೈಯನ್ನು ಹೊರಕ್ಕೆ ತಿರುಗಿಸೋಕೆ ನೋಡಿದ್ರು. ಸ್ವಲ್ಪವೇ ತಿರುಗಿ ಕಲ್ಲಿನ ಹಾಗೆ ನಿಂತಿತು. ಆಮೇಲೆ ಅವರು ಹೇಳಿದ್ದು ನನಗೆ ಬಹಳ ಉಪಯೋಗವಾದ ಮಾತು. "ಸ್ಟ್ರೋಕ್ ಆದ ಮೇಲಿನ ಭುಜನೋವು ಅನ್ನೋದು ಒಂದು ಕಾಯಿಲೆ ಅಲ್ಲ, ನಾಲ್ಕೈದು ಕಾಯಿಲೆಗಳಿಗೆ ಒಂದೇ ಹೆಸರು. ಯಾವುದು ಅಂತ ಗೊತ್ತಾಗದೆ ಇಂಜೆಕ್ಷನ್ ಹಾಕಿದ್ರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ."

ಕೀಲಿನ ಸುತ್ತಲಿನ ಚೀಲ ಉರಿಯೂತದಿಂದ ಗಟ್ಟಿಯಾಗಿ ಅಂಟಿಕೊಂಡಿರಬಹುದು. ಇದೇ ಫ್ರೋಜನ್ ಶೋಲ್ಡರ್, ಶುಗರ್ ಇದ್ದವರಿಗೆ ಇದರ ಕಾಟ ಹೆಚ್ಚು. ಕೀಲು ಜಾರಿ ಸುತ್ತಲಿನ ನರ-ಸ್ನಾಯು ಜಗ್ಗಿರಬಹುದು. ಸ್ನಾಯುವಿನ ನಾರು ಹರಿದಿರಬಹುದು. ಮೊದಲು ಸಡಿಲವಾಗಿದ್ದ ಸ್ನಾಯುಗಳು ಕೆಲವು ವಾರಗಳಾದ ಮೇಲೆ ಬಿಗಿಯಾಗಿ, ಕೈಯನ್ನು ಎದೆಯ ಕಡೆಗೆ, ಒಳಕ್ಕೆ ಜಗ್ಗುತ್ತಿರಬಹುದು. ಅಂಗೈ ಊದಿ, ಬಣ್ಣ ಬದಲಾಗಿ, ಮುಟ್ಟಿದ್ರೆ ಉರಿಯೋ ಇನ್ನೊಂದು ತರ ಇದೆ. ಮೆದುಳೇ ನೋವನ್ನು ಹುಟ್ಟಿಸೋ ಮತ್ತೊಂದು ತರವೂ ಇದೆ, ಅದಕ್ಕೆ ಭುಜಕ್ಕೆ ಚುಚ್ಚಿ ಏನೂ ಪ್ರಯೋಜನ ಇಲ್ಲ. ಕೆಲವರಿಗೆ ಎರಡು ಮೂರು ಒಟ್ಟಿಗೆ. ಅಲ್ಟ್ರಾಸೌಂಡ್ ಎಲ್ಲ ನೋಡಿ ಅಪ್ಪನದು ಮುಖ್ಯವಾಗಿ ಮೊದಲನೆಯದು, ಜೊತೆಗೆ ಸ್ವಲ್ಪ ಜಾರಿಕೆ ಅಂತ ತೀರ್ಮಾನ ಆಯ್ತು. ಕೀಲಿನೊಳಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕೋಣ ಅಂದ್ರು.

ಅಮ್ಮ ಅಲ್ಲಿವರೆಗೂ ಸುಮ್ಮನಿದ್ದವಳು, "ಇದು ಹಾಕಿದ್ರೆ ಕೈ ಬರುತ್ತಾ ಡಾಕ್ಟ್ರೇ?" ಅಂತ ಕೇಳಿದಳು.

ಡಾಕ್ಟರ್ ಸುಳ್ಳು ಹೇಳಲಿಲ್ಲ. "ಇಲ್ಲಮ್ಮ. ಇದು ನೋವಿಗೆ. ಕೈಗೆ ಅಲ್ಲ. ನೋವು ಕಡಿಮೆ ಆಗೋದೂ ಗ್ಯಾರಂಟಿ ಅಂತ ಹೇಳಲ್ಲ. ಆದ್ರೆ ಆಗೋ ಸಾಧ್ಯತೆ ಚೆನ್ನಾಗಿದೆ, ಕೆಲವು ವಾರ ಇರುತ್ತೆ, ಕೆಲವರಿಗೆ ಕೆಲವು ತಿಂಗಳು."

ವಾಪಸ್ ಬರುವಾಗ ಮೈಸೂರು ರಸ್ತೆಯ ಟ್ರಾಫಿಕ್‌ನಲ್ಲಿ ಒಂದು ಗಂಟೆ ಕೂತಿದ್ವಿ. ಅಪ್ಪ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಕುರ್ಚಿಯಲ್ಲಿ ಕೂತು, "ಕೈ ಬರಲ್ಲ ಅಂದ್ಮೇಲೆ ಯಾಕಮ್ಮ ಚುಚ್ಚಿಸ್ಕೋಬೇಕು? ಬೇಡ ಬಿಡು" ಅಂದ್ರು. ಇಂಜೆಕ್ಷನ್ ಅಂದ ಕೂಡಲೇ ಅವರು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದು ಬೇರೇನೇ ಅಂತ ನನಗೆ ಆಗ ತಿಳೀತು. ನೋವನ್ನು ಅವರು ಹೇಗೋ ಸಹಿಸ್ತಿದ್ರು. ಆ ಆಸೆಯನ್ನು ಒಂದೇ ವಾಕ್ಯದಲ್ಲಿ ಕಿತ್ತುಕೊಂಡಿದ್ದನ್ನು ಸಹಿಸೋಕೆ ಆಗಲಿಲ್ಲ. ಒಂಬತ್ತು ದಿನ ಆ ವಿಷಯ ಎತ್ತೋಕೇ ಬಿಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಬೇಡ ಅನ್ನೋ ಹಕ್ಕು ಅವರಿಗಿತ್ತು, ಆ ದಿನಗಳಲ್ಲಿ ಅವರ ಹತ್ತಿರ ಉಳಿದಿದ್ದ ಹಕ್ಕುಗಳೇ ಕಡಿಮೆ.

ಹತ್ತನೇ ದಿನ ನೋಟ್‌ಬುಕ್ ತಗೊಂಡು ಕರೆದ್ರು. "ಇಲ್ಲಿ ನೋಡು. ಹದಿನೆಂಟು ದಿನದಲ್ಲಿ ಹನ್ನೊಂದು ದಿನ ವ್ಯಾಯಾಮ ಮಾಡಿಲ್ಲ. ಹನ್ನೊಂದರಲ್ಲೂ ಹಿಂದಿನ ರಾತ್ರಿ ನೋವು ಏಳರ ಮೇಲಿದೆ. ನಿಮ್ಮಮ್ಮ ಸರಾಸರಿ ಮೂರು ಗಂಟೆ ಮಲಗಿದ್ದಾಳೆ, ಅದನ್ನೂ ಬರೆದಿದ್ದೀನಿ." ಸ್ವಲ್ಪ ಹೊತ್ತು ಬಿಟ್ಟು, "ನೋವಿದ್ರೆ ವ್ಯಾಯಾಮ ಇಲ್ಲ. ವ್ಯಾಯಾಮ ಇಲ್ದಿದ್ರೆ ಕೈ ಬರೋ ಅಷ್ಟಿಷ್ಟೂ ಇಲ್ಲ. ಡಾಕ್ಟ್ರಿಗೆ ಫೋನ್ ಮಾಡು" ಅಂದ್ರು.

ಇಂಜೆಕ್ಷನ್ ಕಥೆ ಹೇಳೋಕೆ ದೊಡ್ಡದೇನಿಲ್ಲ. ಅಪ್ಪ ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿರೋದನ್ನು ಮೊದಲೇ ವಿಚಾರಿಸಿ, ನಿಲ್ಲಿಸೋದು ಬೇಡ ಅಂದಿದ್ರು. ಇದನ್ನು ನಾವಾಗೇ ನಿಲ್ಲಿಸೋ ವಿಷಯ ಅಲ್ವೇ ಅಲ್ಲ, ಮತ್ತೊಂದು ಸ್ಟ್ರೋಕ್ ತಡೀತಿರೋದೇ ಆ ಮಾತ್ರೆ. ಕೂರಿಸಿ, ಅಲ್ಟ್ರಾಸೌಂಡ್ ಪರದೆ ನೋಡ್ಕೊಂಡು, ಭುಜದ ಹಿಂಭಾಗದಿಂದ ಸೂಜಿ. ಮರಗಟ್ಟಿಸೋ ಲಿಗ್ನೋಕೇನ್ ಜೊತೆ ಟ್ರಯಾಮ್ಸಿನೊಲೋನ್ ಅನ್ನೋ ಸ್ಟೀರಾಯ್ಡ್. ಹತ್ತು ನಿಮಿಷ. ಔಷಧಿಯ ಬೆಲೆ ನಾವು ವೀಕೆಂಡಿಗೆ ತರಿಸೋ ಪಿಜ್ಜಾಗಿಂತ ಕಡಿಮೆ. ಉಳಿದ ಬಿಲ್ಲು ಹಾಗಲ್ಲ ಬಿಡಿ. ಆಫೀಸಿನ ಇನ್ಶೂರೆನ್ಸ್‌ನಲ್ಲಿ ಅಪ್ಪ-ಅಮ್ಮನ ಹೆಸರೂ ಸೇರಿಸಿದ್ದೀನಿ ಅಂತ ನೆಮ್ಮದಿಯಾಗಿರೋರು ಒಂದು ಸಲ ಪಾಲಿಸಿ ತೆಗೆದು ಓದಿ. ಅಡ್ಮಿಟ್ ಆಗದೆ ಮಾಡಿಸೋ ಇಂಥ ಇಂಜೆಕ್ಷನ್ನು, ತಿಂಗಳುಗಟ್ಟಲೆ ನಡೆಯೋ ಫಿಸಿಯೋಥೆರಪಿ ಎರಡೂ ನಮ್ಮ ಪಾಲಿಸಿಯಲ್ಲಿ ಇರಲಿಲ್ಲ.

ಶುಗರ್ ಏರುತ್ತೆ ಅಂತ ಎಚ್ಚರಿಸಿದ್ರು, ಏರಿತು. ಬೆಳಗಿನ ಖಾಲಿ ಹೊಟ್ಟೆಯ 138 ಮರುದಿನ 231. ಐದನೇ ದಿನಕ್ಕೆ ಮೊದಲಿನ ಮಟ್ಟಕ್ಕೆ ಇಳೀತು. ನೋವು ಮೊದಲ ಎರಡು ದಿನ ಇಳಿಯಲೇ ಇಲ್ಲ, ಅಪ್ಪನ ಮುಖ ನೋಡೋ ಹಾಗಿರಲಿಲ್ಲ. ಮೂರನೇ ದಿನ ಐದೂವರೆ. ಎಂಟನೇ ದಿನ ನಾಲ್ಕು. ಹದಿನೈದನೇ ದಿನ ರಾತ್ರಿ ಕಾಲಂನಲ್ಲಿ "2, ನಿದ್ದೆ 6 ಗಂಟೆ" ಅಂತಿದೆ. ಅದರ ಪಕ್ಕ ಅಮ್ಮನ ಕಾಲಂನಲ್ಲೂ 6.

"ಈಗ ಸಿಕ್ಕಿರೋ ವಾರಗಳನ್ನ ಹಾಳು ಮಾಡಬೇಡಿ" ಅಂತ ಡಾಕ್ಟರ್ ಹೇಳಿದ್ದನ್ನು ಅಪ್ಪ ತಮ್ಮ ಭಾಷೆಗೆ ತಿರುಗಿಸ್ಕೊಂಡ್ರು: "ಇದು ಹದ ಕಣಮ್ಮ. ಮಳೆ ಬಂದು ಹದ ಆಗಿದೆ. ಈಗ ಬಿತ್ತದೆ ಕೂತ್ರೆ ರಾಗಿ ತಾನಾಗೇ ಬರುತ್ತಾ?" ರಾಟೆ ಬಿಟ್ಟಾಯ್ತು. ಹೊಸ ಥೆರಪಿಸ್ಟ್ ಮೊದಲು ಹೆಗಲ ಹಿಂದಿನ ಚಪ್ಪಟೆ ಮೂಳೆಯನ್ನು ಸಡಿಲ ಮಾಡಿ, ಆಮೇಲೆ ಎರಡೂ ಕೈಯಲ್ಲಿ ತೋಳನ್ನು ಆಧರಿಸಿ, ನೋವಿನ ಗಡಿಯ ಒಳಗೇ ಆಡಿಸೋರು. ಕುರ್ಚಿಗೆ ಒಂದು ಹಲಗೆ ಬಂತು, ಕೈ ಅದರ ಮೇಲೆ. ಮಲಗಿದಾಗ ತೋಳಿನ ಕೆಳಗೆ ದಿಂಬು. ನಡೆಯುವಾಗ ಮಾತ್ರ ಜೋಳಿಗೆ ಪಟ್ಟಿ, ಕೂತಾಗ ತೆಗೀಬೇಕು, ಇಲ್ಲಾಂದ್ರೆ ಕೈ ಅದೇ ಭಂಗಿಗೆ ಗಟ್ಟಿಯಾಗುತ್ತೆ. ಅಂಗಿ ಹಾಕುವಾಗ ಸ್ವಾಧೀನವಿಲ್ಲದ ಕೈ ಮೊದಲು ಒಳಗೆ, ತೆಗೆಯುವಾಗ ಅದು ಕೊನೆಗೆ ಹೊರಗೆ. ಈ ಒಂದು ಸಾಲನ್ನು ಆಸ್ಪತ್ರೆಯ ಬಿಡುಗಡೆ ಕಾಗದದಲ್ಲೇ ಅಚ್ಚು ಹಾಕಿಸಿದ್ರೆ ಎಷ್ಟು ಮನೆಗಳಲ್ಲಿ ಬೆಳಗಿನ ನರಳಾಟ ತಪ್ಪುತ್ತೋ. ಮಂಚದ ಮೇಲ್ಗಡೆ ಗೋಡೆಗೆ ಅಪ್ಪ ಬಲಗೈಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾರೆ: "ಕೈ ಹಿಡಿದು ಎಳೆಯಬಾರದು. ಸೊಂಟ ಹಿಡಿದು ಎಬ್ಬಿಸುವುದು." ಬಂದ ನೆಂಟರೆಲ್ಲ ಇದನ್ನು ಜೋರಾಗಿ ಓದಿ ನಗ್ತಾರೆ, ಆಮೇಲೆ ಸೊಂಟಾನೇ ಹಿಡೀತಾರೆ.

ಇಂಜೆಕ್ಷನ್‌ನಿಂದಲೇ ಎಲ್ಲ ಸರಿಹೋಯ್ತು ಅಂತ ನಾನು ಹೇಳ್ತಿಲ್ಲ. ಆ 2016ರ ಮಾರ್ಗಸೂಚಿಯೇ ಕೀಲಿನೊಳಗಿನ ಸ್ಟೀರಾಯ್ಡ್‌ನ ಉಪಯೋಗ ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ ಅನ್ನುತ್ತೆ. ಭುಜದಿಂದ ನೋವಿನ ಸುದ್ದಿ ಹೊತ್ತೊಯ್ಯೋ ಸುಪ್ರಾಸ್ಕ್ಯಾಪುಲರ್ ನರದ ಪಕ್ಕ ಔಷಧಿ ಹಾಕೋ ಇನ್ನೊಂದು ವಿಧಾನ ಇದೆ. 2013ರಲ್ಲಿ ಆಸ್ಟ್ರೇಲಿಯಾದವರು 64 ಜನರ ಮೇಲೆ ಅದನ್ನು ಪರೀಕ್ಷಿಸಿ ನೋಡಿದ್ರು. ಸುಳ್ಳು ಇಂಜೆಕ್ಷನ್ ಪಡೆದವರಿಗಿಂತ ನಿಜದ್ದು ಪಡೆದವರಿಗೆ ಹನ್ನೆರಡು ವಾರದವರೆಗೂ ನೋವು ಹೆಚ್ಚು ಇಳಿದಿತ್ತು. ಆದರೆ ದಿನನಿತ್ಯದ ಕೆಲಸ ಮಾಡ್ಕೊಳ್ಳೋದ್ರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಅಮ್ಮ ಕೇಳಿದ ಪ್ರಶ್ನೆಗೆ ಡಾಕ್ಟರ್ ಕೊಟ್ಟ ಉತ್ತರವೂ ಇದೇ ತಾನೇ?

ಈಗ ಇಂಜೆಕ್ಷನ್ ಆಗಿ ನಾಲ್ಕು ತಿಂಗಳು. ನೋವು ಎರಡು-ಮೂರರ ನಡುವೆ ಆಡ್ತಿದೆ, ಚಳಿ ಇದ್ದ ದಿನ ನಾಲ್ಕು. ತೋಳು ಹೊರಕ್ಕೆ ಮೊದಲಿಗಿಂತ ಚೆನ್ನಾಗಿ ತಿರುಗುತ್ತೆ. ಭುಜವನ್ನು ತಾವೇ ಒಂದಿಷ್ಟು ಮೇಲೆತ್ತುತ್ತಾರೆ. ಬೆರಳುಗಳು ಮಾತ್ರ ಬಂದಿಲ್ಲ. ಬದಲಿಗೆ ಬಿಗಿತ ಶುರುವಾಗಿದೆ, ಮೊಣಕೈ ಮಡಚಿಕೊಳ್ಳುತ್ತೆ, ಬೆರಳು ಮುಷ್ಟಿ ಕಟ್ಟುತ್ತೆ. ಹಾಗಾಗಿ ಈ ಸಲ ಡಾಕ್ಟರ್ ಬೊಟುಲಿನಂ ಟಾಕ್ಸಿನ್ ಬಗ್ಗೆ ಮಾತಾಡಿದ್ದಾರೆ. ಹೌದು, ಸಿನಿಮಾದವರ ಹಣೆಯ ನೆರಿಗೆ ತೆಗೆಯೋ ಬೊಟಾಕ್ಸೇ. "ಅಂಕಲ್‌ಗೆ ಬೊಟಾಕ್ಸಾ?" ಅಂತ ಆಫೀಸಿನಲ್ಲಿ ನಕ್ಕವರಿಗೆ ಹೇಳಿದೆ, ಅದು ಮೊದಲು ಔಷಧಿಯಾಗೇ ಬಂದಿದ್ದು. ಆಲನ್ ಸ್ಕಾಟ್ ಅನ್ನೋ ಅಮೆರಿಕದ ಕಣ್ಣಿನ ಡಾಕ್ಟರ್ ಮೆಳ್ಳೆಗಣ್ಣಿಗೆ ಅಂತ ಬಳಸಿದ್ದು, 1989ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿದ್ದೂ ಕಣ್ಣಿನ ತೊಂದರೆಗಳಿಗೇ. ಬಿಗಿಯಾದ ಸ್ನಾಯುವಿಗೆ ಚುಚ್ಚಿದ್ರೆ ಕೆಲವು ದಿನಕ್ಕೆ ಸಡಿಲ ಆಗುತ್ತೆ, ಸುಮಾರು ಮೂರು ತಿಂಗಳು ಇರುತ್ತೆ, ಆಮೇಲೆ ಮತ್ತೆ ಯೋಚನೆ ಮಾಡಬೇಕು. ಪಿಜ್ಜಾ ಲೆಕ್ಕ ಇದಕ್ಕೆ ನಡೆಯಲ್ಲ, ಒಂದು ಸಲಕ್ಕೇ ಐದಂಕಿ.

ಮುಂದಿನ ಗುರುವಾರ ಅಪಾಯಿಂಟ್‌ಮೆಂಟ್. ಅಪ್ಪ ನೋಟ್‌ಬುಕ್‌ನ ಕೊನೇ ಹಾಳೆಯಲ್ಲಿ ಡಾಕ್ಟರಿಗೆ ಕೇಳೋ ಪ್ರಶ್ನೆಗಳನ್ನು ನಂಬರ್ ಹಾಕಿ ಬರೆದಿದ್ದಾರೆ. ಯಾವ ಸ್ನಾಯುವಿಗೆ? ಎಷ್ಟು ಯೂನಿಟ್? ಶುಗರ್ ಏರುತ್ತದೆಯೇ? ವರ್ಷಕ್ಕೆ ಎಷ್ಟು ಸಲ? ಕೈ ಬರುತ್ತದೆಯೇ ಅನ್ನೋ ಪ್ರಶ್ನೆ ಆ ಪಟ್ಟಿಯಲ್ಲಿಲ್ಲ. ಐದನೆಯದು ಹೀಗಿದೆ: "ಮುಷ್ಟಿ ಬಿಡಿಸಿ ಉಗುರು ಕತ್ತರಿಸಲು ಆಗುವಷ್ಟು ಸಡಿಲವಾಗುತ್ತದೆಯೇ?"